ಪಕ್ಕದ ಮನೆಗೆ ಈ ಸಲ ಕ್ರಿಸ್‌ಮಸ್ ನಕ್ಷತ್ರ ಕಟ್ಟಿಲ್ಲ, ತಿಂಡಿ ತಟ್ಟೆ ಕೊಡಬಹುದಾ?

ಗದಗಿನ_ಮಗಳು | ಡಿಸೆಂಬರ್ 5, ರಾತ್ರಿ 9:20

ಗೋವಾದಲ್ಲಿರುವ ನಮ್ಮವರಿಗೆಲ್ಲ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಯಾರನ್ನು ಕೇಳುವುದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ನಾವು ಗದಗ ಕಡೆಯವರು. ವಾಸ್ಕೋ ಹತ್ತಿರ ಚಿಕಲಿಯಲ್ಲಿ ಬಾಡಿಗೆಗೆ ಇದ್ದೇವೆ. ಬಂದು ಒಂದೂವರೆ ವರ್ಷವಾಯಿತು. ಪಕ್ಕದಲ್ಲಿ ಹಳೆಯ ಹಂಚಿನ ಮನೆ. ಅಲ್ಲಿ ಆಂಟಿ, ಅಂಕಲ್ ಇಬ್ಬರೇ ಇದ್ದರು. ಮಗಳು ದುಬೈನಲ್ಲಿದ್ದಾಳೆ. ಹೋದ ವರ್ಷ ಡಿಸೆಂಬರ್ 24ರ ಸಂಜೆ ಆಂಟಿ ಒಂದು ತಟ್ಟೆ ತಂದುಕೊಟ್ಟರು. ಮೇಲೆ ಹೆಣೆದ ಬಿಳಿ ಬಟ್ಟೆ ಮುಚ್ಚಿದ್ದರು. ಒಳಗೆ ಏಳೆಂಟು ಬಗೆಯ ತಿಂಡಿ. ಒಂದಂತೂ ಥೇಟ್ ನಮ್ಮ ಕರ್ಚಿಕಾಯಿ! ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು ಅಂತ ನಮ್ಮವ್ವ ಹೇಳುತ್ತಿದ್ದಳು. ಮರುದಿನ ಶೇಂಗಾ ಹೋಳಿಗೆ ಇಟ್ಟು ತಟ್ಟೆ ವಾಪಸ್ ಕೊಟ್ಟೆ. ಅಂಕಲ್‌ಗೆ ಬಹಳ ಹಿಡಿಸಿತು. ಆಮೇಲೆ ಗೇಟಿನ ಹತ್ತಿರ ಕಂಡಾಗಲೆಲ್ಲ ಹೋಳಿಗೆ ಯಾವಾಗ ಅಂತ ಕೇಳುತ್ತಿದ್ದರು.

ಈ ಜುಲೈನಲ್ಲಿ, ಜೋರು ಮಳೆಯ ದಿನ, ಅಂಕಲ್ ತೀರಿಕೊಂಡರು.

ಈಗ ಓಣಿಯ ಎಲ್ಲ ಕ್ರಿಶ್ಚಿಯನ್ ಮನೆಗಳಲ್ಲೂ ನಕ್ಷತ್ರ ಬಂದಿದೆ. ಆಂಟಿ ಮನೆಯೊಂದೇ ಕತ್ತಲು. ನನ್ನ ಮಗನಿಗೆ ಆರು ವರ್ಷ, ನಮ್ಮ ಮನೆಗೂ ನಕ್ಷತ್ರ ಬೇಕು ಅಂತ ದಿನಾ ಕೇಳುತ್ತಾನೆ. ನಮ್ಮ ಬಾಗಿಲು ಇರುವುದು ಆಂಟಿ ಮನೆಯ ಎದುರಿಗೇ. ಅಲ್ಲಿ ಕಟ್ಟಿದರೆ ಅವರಿಗೆ ನೋವಾಗುತ್ತದಾ? ಈ ಸಲ ನಾನೇ ಮೊದಲು ತಿಂಡಿ ಮಾಡಿ ಕೊಟ್ಟರೆ ತಪ್ಪಾಗುತ್ತದಾ? ಅವರಲ್ಲಿ ಇದಕ್ಕೆ ಏನು ಪದ್ಧತಿ?

ಮಡಗಾಂವ್_ಅಕ್ಕ | ಡಿಸೆಂಬರ್ 5, ರಾತ್ರಿ 10:05

ತಂಗಿ, ಧಾರಾಳವಾಗಿ ಕೊಡಿ.

ನಾನು ಮಡಗಾಂವ್‌ಗೆ ಬಂದದ್ದು 1994ರಲ್ಲಿ. ಆಗ ಕೊಂಕಣ ರೈಲು ಇನ್ನೂ ಪೂರ್ತಿಯಾಗಿರಲಿಲ್ಲ. ಕನ್ನಡ ಮಾತಾಡುವವರು ಸಿಕ್ಕರೆ ಆ ದಿನವೇ ಹಬ್ಬ. ಹಾಗಿದ್ದಾಗ ನನ್ನನ್ನು ಕೈಹಿಡಿದದ್ದು ಈ ತಟ್ಟೆಗಳೇ. ಚೌತಿಗೆ, ದೀಪಾವಳಿಗೆ ಹಿಂದೂ ಮನೆಗಳಿಂದ ತಟ್ಟೆ ಹೋಗುತ್ತದೆ. ನಾತಾಳಕ್ಕೆ ಕ್ರಿಶ್ಚಿಯನ್ ಮನೆಗಳಿಂದ ಬರುತ್ತದೆ. ಇಲ್ಲಿಯವರು ಕ್ರಿಸ್‌ಮಸ್‌ಗೆ ನಾತಾಳ ಅಂತಲೇ ಹೇಳುವುದು.

ನಮ್ಮ ಅತ್ತೆ ತೀರಿಕೊಂಡ ವರ್ಷ ನಮ್ಮಲ್ಲಿ ದೀಪಾವಳಿ ಇರಲಿಲ್ಲ. ನಮ್ಮಲ್ಲೂ ಅಷ್ಟೇ ಅಲ್ವಾ, ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬಕ್ಕೆ ಎಣ್ಣೆ ಬಾಣಲೆ ಇಡುವುದಿಲ್ಲ. ಆಗ ಮೇಲಿನ ಮನೆಯ ಕ್ರಿಶ್ಚಿಯನ್ ಹೆಂಗಸು ಬೇಕರಿಯಿಂದ ಡಬ್ಬಿ ತಂದು ನನ್ನ ಮಕ್ಕಳ ಕೈಗೆ ಕೊಟ್ಟರು. ದೊಡ್ಡವರಿಗೆ ಹಬ್ಬ ಇಲ್ಲದಿದ್ದರೂ ಮಕ್ಕಳ ಬಾಯಿ ಸಿಹಿಯಾಗಬೇಕು ಅಂದರು. ಆ ಹೆಂಗಸನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಕಾಣಕೋಣ_ಟೀಚರ್ | ಡಿಸೆಂಬರ್ 5, ರಾತ್ರಿ 10:40

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ತಪ್ಪು ತಿಳಿಯಬೇಡಿ.

ನನ್ನ ತಂದೆ ಹೋದ ಮೇಲಿನ ಮೊದಲ ಯುಗಾದಿಗೆ ಐದಾರು ಮನೆಗಳಿಂದ ಹೋಳಿಗೆ ಬಂತು. ಎಲ್ಲರೂ ಪ್ರೀತಿಯಿಂದಲೇ ಕೊಟ್ಟರು. ಆದರೆ ಒಂದೊಂದು ಡಬ್ಬಿ ತೆರೆದಾಗಲೂ ಅಮ್ಮ ಅತ್ತರು. ಹೋಳಿಗೆ ಅಪ್ಪನಿಗೆ ಬಹಳ ಇಷ್ಟವಾಗಿತ್ತು. ನಿಮ್ಮ ಅಂಕಲ್‌ಗೂ ಶೇಂಗಾ ಹೋಳಿಗೆ ಇಷ್ಟ ಅಂತ ನೀವೇ ಬರೆದಿದ್ದೀರಿ. ಅದನ್ನೇ ತಗೊಂಡು ನೇರ ಹೋಗಿ ನಿಲ್ಲುವುದಕ್ಕಿಂತ ಮೊದಲು ಒಂದು ಸಲ ಬರಿಗೈಯಲ್ಲಿ ಹೋಗಿ. ಸುಮ್ನೆ ಕೂತುಕೊಳ್ಳಿ. ಏನು ಮಾಡಬೇಕು ಅಂತ ಅವರ ಮಾತಿನಲ್ಲೇ ತಿಳಿಯುತ್ತದೆ.

ಕುಡ್ಲ_ಟು_ಪಣಜಿ | ಡಿಸೆಂಬರ್ 6, ಬೆಳಿಗ್ಗೆ 7:15

ನಾನು ಮಂಗಳೂರಿನ ಕೆಥೋಲಿಕ್. ಮದುವೆಯಾಗಿ ಪಣಜಿಗೆ ಬಂದು 11 ವರ್ಷವಾಯಿತು. ಪದ್ಧತಿ ಕೇಳಿದ್ದೀರಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಾವಾದ ವರ್ಷ ನಮ್ಮ ಮನೆಗಳಲ್ಲಿ ನಕ್ಷತ್ರ ಕಟ್ಟುವುದಿಲ್ಲ. ತಿಂಡಿಗೆ ಒಲೆ ಹಚ್ಚುವುದಿಲ್ಲ. ಹಿಂದೆ ಹೆಂಗಸರು ವರ್ಷವಿಡೀ ಕಪ್ಪು ಬಟ್ಟೆ ಉಡುತ್ತಿದ್ದರು, ಈಗ ಅದು ಕಡಿಮೆಯಾಗಿದೆ. ಆದರೆ ಇಗರ್ಜಿಗೆ (ಚರ್ಚಿಗೆ) ಹೋಗುವುದನ್ನು ಬಿಡುವುದಿಲ್ಲ. ಹುಟ್ಟಿದ ಬಾಲಯೇಸುವನ್ನು ನೋಡಲು ದುಃಖದಲ್ಲಿರುವವರೂ ಹೋಗುತ್ತಾರೆ. ಮತ್ತೆ ಒಂದು ಮುಖ್ಯ ವಿಷಯ. ಆ ಮನೆಯವರು ತಾವು ಮಾಡುವುದಿಲ್ಲ ಅಷ್ಟೇ, ಬಂದದ್ದನ್ನು ಬೇಡ ಅನ್ನುವುದಿಲ್ಲ. ನೆಂಟರು, ನೆರೆಯವರು ಆ ವರ್ಷ ಅವರಿಗೆ ನೆನಪಿಟ್ಟು ಕಳಿಸುತ್ತಾರೆ. ನನ್ನ ಮಾವ ತೀರಿಕೊಂಡ ವರ್ಷ ನಮ್ಮ ಮೇಜಿನ ಮೇಲೆ ಒಂಬತ್ತು ಮನೆಗಳ ತಟ್ಟೆ ಇತ್ತು.

ಈ ತಿಂಡಿಗಳಿಗೆ ಮಂಗಳೂರಲ್ಲಿ ಕುಸ್ವಾರ್ ಅನ್ನುತ್ತೇವೆ. ಗೋವಾದವರು ಕೊನ್ಸುವಾದ್ ಅನ್ನುತ್ತಾರೆ. ಪೋರ್ಚುಗೀಸ್‌ನಲ್ಲಿ ಕೊನ್ಸೊವಾದಾ ಅಂದರೆ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟ. ಇಲ್ಲಿ ಆ ಹೆಸರು ಹಂಚುವ ತಿಂಡಿಗೆ ಬಂದಿದೆ. ನಿಮ್ಮ ತಟ್ಟೆಯಲ್ಲಿ ಕರ್ಚಿಕಾಯಿ ಥರ ಇದ್ದದ್ದು ನೆವ್ರಿ. ಚಿಪ್ಪಿನ ಹಾಗೆ ಸುರುಳಿ ಸುತ್ತಿದ್ದು ಕುಲ್‌ಕುಲ್. ಕಪ್ಪಗೆ ಮೆತ್ತಗೆ ಹಲ್ವದಂತೆ ಇದ್ದದ್ದು ದೊದೊಲ್.

ಹೊಸಬ_ಪೊಂಡಾ | ಡಿಸೆಂಬರ್ 6, ಬೆಳಿಗ್ಗೆ 8:02

ಮಧ್ಯೆ ಒಂದು ಪ್ರಶ್ನೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ. ಆಫೀಸಿನಲ್ಲಿ ಗೆಳೆಯರು ಪ್ರೀತಿಯಿಂದ ಕೊಟ್ಟದ್ದನ್ನು ಮನೆಗೆ ತಂದರೆ ಅಮ್ಮ ಹೆದರುತ್ತಾರೆ. ಯಾವುದರಲ್ಲಿ ಮೊಟ್ಟೆ ಇರುವುದಿಲ್ಲ?

ಕುಡ್ಲ_ಟು_ಪಣಜಿ | ಡಿಸೆಂಬರ್ 6, ಬೆಳಿಗ್ಗೆ 8:30

ಬೆಬಿಂಕಾದಲ್ಲಿ ಖಂಡಿತ ಇದೆ. ಅದು ನಿಂತಿರುವುದೇ ಮೊಟ್ಟೆಯ ಹಳದಿಯ ಮೇಲೆ. ಜೊತೆಗೆ ತೆಂಗಿನ ಹಾಲು, ಸಕ್ಕರೆ, ಮೈದಾ, ತುಪ್ಪ, ಜಾಯಿಕಾಯಿ. ಒಂದು ಪದರ ಹುಯ್ದು, ಮೇಲಿನಿಂದ ಕೆಂಡದ ಶಾಖ ಕೊಟ್ಟು, ಅದು ಬೆಂದ ಮೇಲೆ ತುಪ್ಪ ಹಾಕಿ ಇನ್ನೊಂದು ಪದರ. ಏಳು ಪದರಕ್ಕೆ ಅರ್ಧ ದಿನವೇ ಹೋಗುತ್ತದೆ. ಅಷ್ಟು ಕೆಲಸದ ತಿಂಡಿಗೆ 2023ರಲ್ಲಿ ಜಿಐ (ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು) ಮಾನ್ಯತೆ ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ರವೆ, ತೆಂಗಿನಕಾಯಿ ಹಾಕಿದ ಬಾತ್ ಕೇಕಿನಲ್ಲೂ ಮೊಟ್ಟೆ ಇರುತ್ತದೆ.

ದೊದೊಲ್‌ಗೆ ಅಕ್ಕಿ ಹಿಟ್ಟು, ತೆಂಗಿನ ಹಾಲು, ತೆಂಗಿನ ಕಪ್ಪು ಬೆಲ್ಲ. ಮೊಟ್ಟೆ ಬೇಡ. ಕಡಲೆಬೇಳೆ ಮತ್ತು ತೆಂಗಿನಕಾಯಿಯ ದೋಸ್, ಪೇರಲ ಹಣ್ಣಿನ ಪೆರಾಡ್, ಇವೂ ಹಾಗೆ. ನೆವ್ರಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಕುಲ್‌ಕುಲ್ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ಥರ, ಕೇಳಿ ತಿನ್ನಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸಸ್ಯಾಹಾರಿ ನೆರೆಯವರಿಗೆ ಅಂತಲೇ ಬೇರೆ ತಟ್ಟೆ ಜೋಡಿಸುವವರು ಎಷ್ಟೋ ಜನ ಇದ್ದಾರೆ.

ಬಣ್ಣದ_ಕೆಲಸ | ಡಿಸೆಂಬರ್ 6, ರಾತ್ರಿ 9:50

ಅಕ್ಕಾ, ನಾನು ಪೇಂಟಿಂಗ್ ಕೆಲಸದವನು. ಊರು ಬಾಗಲಕೋಟೆ ಹತ್ತಿರ, ಇರುವುದು ಜುವಾರಿನಗರದಲ್ಲಿ. ಮಳೆ ನಿಂತ ಮೇಲೆ ಕ್ರಿಸ್‌ಮಸ್ ತನಕ ನಮಗೆ ಸುಗ್ಗಿ. ಇಲ್ಲಿಯ ಮಳೆಗೆ ಗೋಡೆಯೆಲ್ಲ ಪಾಚಿ ಹಿಡಿದು ಕಪ್ಪಾಗಿರುತ್ತದೆ. ಉಜ್ಜಬೇಕು, ಒಣಗಲು ಬಿಡಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಎರಡು ಕೋಟ್. ಎಲ್ಲರಿಗೂ 20ನೇ ತಾರೀಖಿನ ಒಳಗೇ ಬೇಕು. ಮಧ್ಯಾಹ್ನ 32 ಡಿಗ್ರಿ ಬಿಸಿಲು, ಏಣಿಯ ಮೇಲೆ ನಿಂತರೆ ಬಿಳಿ ಗೋಡೆ ಕಣ್ಣಿಗೆ ಹೊಡೆಯುತ್ತದೆ. ಡಿಸೆಂಬರ್ ಅಂದರೆ ಚಳಿ ಅನ್ನುವುದು ನಮ್ಮೂರಿನ ಮಾತು. ಇಲ್ಲಿ ಬೆಳಗಿನ ಜಾವ ಸ್ವಲ್ಪ ತಂಪು, ಅಷ್ಟೇ.

ಇಗರ್ಜಿಗಳಿಗೆ ಬಿಳಿ ಬಣ್ಣವೇ ಜಾಸ್ತಿ. ಹಳೆ ಗೋವಾದ ಬೊಮ್ ಜೀಸಸ್‌ಗೆ ಮಾತ್ರ ಬಣ್ಣವೂ ಇಲ್ಲ, ಹೊರಗೆ ಗಿಲಾವೂ ಇಲ್ಲ. 1950ರ ದಶಕದಲ್ಲಿ ಗಿಲಾವು ಕೆತ್ತಿ ತೆಗೆದರಂತೆ. ಈಗ ಕೆಂಪು ಮುರಕಲ್ಲು ಹಾಗೇ ಮಳೆಗೆ ನೆನೆಯುತ್ತದೆ. ನಮ್ಮ ಕೈಕೆಲಸದವರಿಗೆ ಅದನ್ನು ನೋಡಿದರೆ ಕರುಳು ಚುರ್ ಅನ್ನುತ್ತದೆ.

ನಾನು ಹೇಳಬೇಕಾದದ್ದು ಇದು. ಹೋದ ವರ್ಷ ಒಬ್ಬ ಗುತ್ತಿಗೆದಾರ ನಮ್ಮ ನಾಲ್ಕು ಜನರ ಕೂಲಿ ಹಿಡಿದುಕೊಂಡು ಫೋನ್ ಎತ್ತಲಿಲ್ಲ. ಊರಿಗೆ ಹೋಗಲೂ ಕಾಸಿರಲಿಲ್ಲ. ನಾವು ಬಣ್ಣ ಹಚ್ಚಿದ ಮನೆಯ ಮುದುಕಿಗೆ ಅದು ಹೇಗೋ ಗೊತ್ತಾಯಿತು. 24ಕ್ಕೆ ಕರೆಸಿ ಊಟ ಹಾಕಿ, ನಾಲ್ಕು ಜನಕ್ಕೂ ಬೇರೆ ಬೇರೆ ತಿಂಡಿಯ ಪೊಟ್ಟಣ ಕಟ್ಟಿಕೊಟ್ಟಳು. ಅಂಥ ಮಂದಿ ಇವರು. ನೀವು ಹೋಗ್ರಿ ಅಕ್ಕಾ, ಹಿಂದೆ ಮುಂದೆ ನೋಡಬೇಡಿ.

ಲೋಂಡಾ_ಲೈನ್ | ಡಿಸೆಂಬರ್ 7, ಬೆಳಿಗ್ಗೆ 6:30

ಊರಿಗೆ ಹೋಗುವವರು ಗಮನಿಸಿ. ವಾಸ್ಕೋದಿಂದ ಧಾರವಾಡ, ಹುಬ್ಬಳ್ಳಿ ಕಡೆಯ ರೈಲಿನಲ್ಲಿ 23, 24ಕ್ಕೆ ಸೀಟಿಲ್ಲ. ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಶಾಲೆ ರಜೆ ಬೇರೆ. ಎಳ್ಳಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವವರು ಬಸ್ಸಿಗೇ ನೋಡಿ.

ಗದಗಿನ_ಮಗಳು | ಡಿಸೆಂಬರ್ 10, ರಾತ್ರಿ 9:35

ಎಲ್ಲರಿಗೂ ಕೈಮುಗಿಯುತ್ತೇನೆ. ಟೀಚರ್ ಹೇಳಿದ ಹಾಗೆ ಬರಿಗೈಯಲ್ಲಿ ಹೋದೆ.

ಸಂಜೆ ಐದರ ಹೊತ್ತು. ಪಾವ್ ಮಾರುವ ಪೊದೇರ್ ಸೈಕಲ್ ಹಾರ್ನ್ ಒತ್ತುತ್ತಾ ಬಂದಿದ್ದ. ಆಂಟಿ ಜಗಲಿಯ ಕಲ್ಲಿನ ಸೀಟಿನ ಮೇಲೆ ಕೂತಿದ್ದರು. ಆ ಜಗಲಿಗೆ ಇಲ್ಲಿ ಬಲ್ಕಾಂವ್ ಅನ್ನುತ್ತಾರೆ. ಎದುರು ಬದುರು ಎರಡು ಸೀಟು. ಒಂದು ಅಂಕಲ್ ಕೂರುತ್ತಿದ್ದದ್ದು. ನಾನು ಅಲ್ಲಿ ಕೂರಬೇಕೋ ಬೇಡವೋ ಅಂತ ನಿಂತೇ ಇದ್ದೆ. ಆಂಟಿಯೇ ಬೈಸ್, ಬೈಸ್ ಅಂತ ಕೂರಿಸಿದರು. ನನ್ನ ಕೊಂಕಣಿ ಅಷ್ಟಕ್ಕಷ್ಟೇ, ಅವರ ಹಿಂದಿಯೂ ಹಾಗೆ. ಆದರೂ ಒಂದು ಗಂಟೆ ಮಾತಾಡಿದೆವು. ಎರಡು ಪೊಯ್ (ಇಲ್ಲಿಯ ಒಂದು ಬಗೆಯ ಪಾವ್) ತಗೊಳ್ಳುತ್ತಿದ್ದವರು ಈಗ ಒಂದೇ ತಗೊಳ್ಳುತ್ತಾರಂತೆ. ಪೊದೇರ್ ಕೇಳದೆಯೇ ಒಂದನ್ನು ತೆಗೆದು ಕೊಡುತ್ತಾನಂತೆ. ಅದನ್ನು ಹೇಳುವಾಗ ಅವರು ಅಳಲಿಲ್ಲ, ನಾನು ಅತ್ತೆ.

ಮಗಳಿಗೆ ಈ ಸಲ ರಜೆ ಸಿಕ್ಕಿಲ್ಲ, ಈಸ್ಟರ್‌ಗೆ ಬರುತ್ತಾಳಂತೆ.

ನಕ್ಷತ್ರದ ಮಾತನ್ನು ನಾನು ತೆಗೆಯಲೇ ಇಲ್ಲ. ನನ್ನ ಮಗನೇ ಓಡಿ ಬಂದು ಕೇಳಿಬಿಟ್ಟ. ನಿಮ್ಮ ಸ್ಟಾರ್ ಎಲ್ಲಿ ಅಂತ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಂಟಿ ಎದ್ದು ಒಳಗೆ ಹೋದರು. ಬಿದಿರಿನ ಕಡ್ಡಿಯ ದೊಡ್ಡ ಚೌಕಟ್ಟು ಹಿಡಿದು ಹೊರಗೆ ಬಂದರು. ಅಂಕಲ್ ಕೈಯಾರೆ ಕಟ್ಟಿದ್ದು. ಪ್ರತಿ ವರ್ಷ ಹೊಸ ಹಾಳೆ ಅಂಟಿಸುತ್ತಿದ್ದರಂತೆ. ಈ ಮನೆಗೆ ಈ ವರ್ಷ ಬೇಡ, ನಿಮ್ಮ ಬಾಗಿಲಿಗೆ ಕಟ್ಟಿ, ಇಲ್ಲಿ ಕೂತರೆ ನನಗೆ ಕಾಣುತ್ತದೆ ಅಂದರು.

ಈಗ ಅದು ನಮ್ಮ ಹಾಲ್‌ನಲ್ಲಿದೆ. ಹಳೆ ಹಾಳೆಯೆಲ್ಲ ಹರಿದಿದೆ. ಹೇಗೆ ಅಂಟಿಸುವುದು? ದಯವಿಟ್ಟು ಗೊತ್ತಿದ್ದವರು ಹೇಳಿ. ಹಾಳು ಮಾಡಿಬಿಟ್ಟೇನು ಅಂತ ಭಯ.

ಮಡಗಾಂವ್_ಅಕ್ಕ | ಡಿಸೆಂಬರ್ 10, ರಾತ್ರಿ 9:50

ಓದಿ ಕಣ್ಣು ತುಂಬಿತು ತಂಗಿ. ಟೀಚರ್ ಹೇಳಿದ್ದೇ ಸರಿ. ನಾನು ಅವಸರ ಮಾಡಿದ್ದೆ.

ಬಣ್ಣದ_ಕೆಲಸ | ಡಿಸೆಂಬರ್ 10, ರಾತ್ರಿ 10:30

ಅಕ್ಕಾ, ಭಯ ಬೇಡ. ಹಳೆ ಹಾಳೆಯನ್ನು ಎಳೆಯಬೇಡಿ. ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟರೆ ತಾನಾಗಿ ಬಿಡುತ್ತದೆ. ಕಟ್ಟಿದ ದಾರ ಸಡಿಲಾಗಿದ್ದರೆ ಅದರ ಮೇಲೇ ಹೊಸ ದಾರ ಸುತ್ತಿ, ಹಳೆ ಗಂಟು ಬಿಚ್ಚಬೇಡಿ. ಬಿಚ್ಚಿದರೆ ಅಳತೆ ತಪ್ಪುತ್ತದೆ.

ಹಾಳೆಗೆ ಗಾಳಿಪಟದ ಕಾಗದ ತನ್ನಿ, ವಾಸ್ಕೋ ಮಾರ್ಕೆಟ್‌ನಲ್ಲಿ ಸಿಗಬಹುದು. ಮೈದಾ ಅಂಟು ಕಾಯಿಸಿ, ತೆಳ್ಳಗೆ ಹಚ್ಚಿ. ಜಿರಲೆ ತಿನ್ನದಿರಲಿ ಅಂತ ಕೆಲವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಮನೆಯಲ್ಲಿ ಚಿಕ್ಕ ಮಗು ಇದೆ, ಅದು ವಿಷ, ನೀವು ಹಾಕಬೇಡಿ. ಒಳಗೆ ಹಳೆ ಕಾಲದ ಬಿಸಿ ಬಲ್ಬ್ ಬೇಡ, ಸಣ್ಣ ಎಲ್‌ಇಡಿ ಸಾಕು. ರಾತ್ರಿ ಮಂಜಿನ ಹನಿಗೆ ಕಾಗದ ಜೋತು ಬೀಳುತ್ತದೆ, ಅದಕ್ಕೇ ಸೂರಿನ ಒಳಗೆ ಕಟ್ಟಿ. ಭಾನುವಾರ ಮಧ್ಯಾಹ್ನ ನನಗೆ ಬಿಡುವಿದೆ. ಬೇಕಾದರೆ ಮೆಸೇಜ್ ಮಾಡಿ, ಬಂದು ಕಟ್ಟಿಕೊಡುತ್ತೇನೆ.

ಕಾಣಕೋಣ_ಟೀಚರ್ | ಡಿಸೆಂಬರ್ 11, ಬೆಳಿಗ್ಗೆ 6:50

ನಿಮ್ಮ ಮಗನಿಗೆ ಇನ್ನೊಂದು ಕೆಲಸ ಕೊಡಿ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ) ಮುಂದೆ ಹಸಿರು ಗದ್ದೆಯ ಹಾಗೆ ಕಾಣಲಿ ಅಂತ ಇಲ್ಲಿ ಸಣ್ಣ ತಟ್ಟೆಗಳಲ್ಲಿ ರಾಗಿ ಮೊಳಕೆ ಬೆಳೆಸುತ್ತಾರೆ. ನವರಾತ್ರಿಯಲ್ಲಿ ಘಟಕ್ಕೆ ಕಾಳು ಹಾಕುತ್ತೀರಲ್ಲ, ಅದೇ ಕ್ರಮ. ಅಂಗಡಿಯಲ್ಲಿ ನಾಚ್ಣಿ ಅಂತ ಕೇಳಿ. ಒಂದು ರಾತ್ರಿ ನೆನೆಸಿ, ಮಣ್ಣಿನ ಮೇಲೆ ಒತ್ತೊತ್ತಾಗಿ ಉದುರಿಸಿ, ನೆರಳಲ್ಲಿಡಿ. ಈ ವಾರ ಹಾಕಿದರೆ 24ರ ಹೊತ್ತಿಗೆ ಬೆರಳುದ್ದ ಬರುತ್ತದೆ. ವಾಡೆಯ (ಓಣಿಯ) ಹುಡುಗರು ಮಾಡುವ ಗೋದಲಿಗೆ ಕೊಡಬಹುದು, ಖುಷಿಯಿಂದ ತಗೊಳ್ಳುತ್ತಾರೆ.

ನೈಟ್_ಡ್ಯೂಟಿ | ಡಿಸೆಂಬರ್ 12, ಬೆಳಗಿನ ಜಾವ 3:40

ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ರೋಗಿಗಳು ಮಲಗಿದ ಮೇಲೆ ಇದನ್ನು ಓದುತ್ತಾ ಕೂತಿದ್ದೆ. ಒಂದು ಮಾತು ಅಕ್ಕ. 24ರ ರಾತ್ರಿ ಆಂಟಿ ಇಗರ್ಜಿಯ ಪೂಜೆಗೆ ಯಾರ ಜೊತೆ ಹೋಗುತ್ತಾರೆ? ಅದು ಮುಗಿಯುವಾಗ ನಡುರಾತ್ರಿ ದಾಟಿರುತ್ತದೆ. ಪೋರ್ಚುಗೀಸರ ಕಾಲದಿಂದ ಅದಕ್ಕೆ ಹುಂಜದ ಪೂಜೆ ಅಂತಲೇ ಹೆಸರು. ಆ ಹೊತ್ತಿಗೆ ರಸ್ತೆ ತುಂಬಾ ಬೈಕು, ಪ್ರವಾಸಿಗರ ಕಾರು. ಒಂಟಿಯಾಗಿ ನಡೆದು ಹೋಗಿ ಬಿದ್ದು ಏಟು ಮಾಡಿಕೊಂಡ ವಯಸ್ಸಾದವರು ಹೋದ ವರ್ಷ ನಮ್ಮ ವಾರ್ಡಿಗೆ ಬಂದಿದ್ದರು. ಯಾರಾದರೂ ಜೊತೆಗಿರಲಿ.

ಗದಗಿನ_ಮಗಳು | ಡಿಸೆಂಬರ್ 12, ಬೆಳಿಗ್ಗೆ 7:05

ಇದು ನನಗೆ ಹೊಳೆದೇ ಇರಲಿಲ್ಲ. ನಾವೇ ಕರೆದುಕೊಂಡು ಹೋಗುತ್ತೇವೆ. ನಾವು ಒಳಗೆ ಹೋಗಬಹುದಾ?

ಕುಡ್ಲ_ಟು_ಪಣಜಿ | ಡಿಸೆಂಬರ್ 12, ಬೆಳಿಗ್ಗೆ 7:40

ಹೋಗಬಹುದು, ಯಾರೂ ತಡೆಯುವುದಿಲ್ಲ. ಎಷ್ಟೋ ಕಡೆ ಜನ ಜಾಸ್ತಿ ಅಂತ ಪೂಜೆಯನ್ನು ಹೊರಗೆ ಅಂಗಳದಲ್ಲೇ ಇಡುತ್ತಾರೆ. ಎಲ್ಲರೂ ಎದ್ದಾಗ ಎದ್ದು ನಿಲ್ಲಿ. ಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ, ಅದು ದೀಕ್ಷಾಸ್ನಾನ ಆದವರಿಗೆ. ಮಗುವಿಗೆ ಮಧ್ಯಾಹ್ನವೇ ನಿದ್ದೆ ಮಾಡಿಸಿ.

ಹೊಸಬ_ಪೊಂಡಾ | ಡಿಸೆಂಬರ್ 19, ಮಧ್ಯಾಹ್ನ 1:10

ಇವತ್ತು ಗೋವಾ ಮುಕ್ತಿ ದಿನದ ರಜೆ. ಅಮ್ಮನಿಗೆ ದೊದೊಲ್ ಕೊಟ್ಟೆ. ಅಕ್ಕಿ, ಬೆಲ್ಲ, ಕಾಯಿ ಅಂದಮೇಲೆ ತಿಂದರು. ಥೇಟ್ ನಮ್ಮ ಕಡೆಯ ಹಾಲುಬಾಯಿ, ಬಣ್ಣ ಮಾತ್ರ ಕಪ್ಪು ಅಂದರು. ಅಮ್ಮನ ಭಯ ಹೋಯಿತು. ಧನ್ಯವಾದ.

ಗದಗಿನ_ಮಗಳು | ಡಿಸೆಂಬರ್ 26, ಬೆಳಿಗ್ಗೆ 10:15

ಭಾನುವಾರ ಬಣ್ಣದ ಕೆಲಸದ ಅಣ್ಣ ಬಂದು ಸಂಜೆ ತನಕ ಕೂತು ನಕ್ಷತ್ರ ಅಂಟಿಸಿಕೊಟ್ಟರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ, ರೊಟ್ಟಿ, ಎಣ್ಣೆಗಾಯಿ ಊಟ ಮಾಡಿ ಹೋದರು. ಕೆಂಪು, ಬಿಳಿ ಹಾಳೆ. ದೀಪ ಹಾಕಿದ ರಾತ್ರಿ ಆಂಟಿ ತಮ್ಮ ಬಲ್ಕಾಂವ್‌ನಲ್ಲಿ ಬಹಳ ಹೊತ್ತು ಕೂತಿದ್ದರು. ನಾವು ಅಲ್ಲಿಗೆ ಹೋಗಲಿಲ್ಲ.

24ಕ್ಕೆ ಬೆಳಿಗ್ಗೆಯೇ ಶೇಂಗಾ ಹುರಿದೆ. ಅದೇ ಬೇಕು ಅಂತ ಆಂಟಿಯೇ ಕೇಳಿದ್ದರು. ಹದಿನೈದು ಹೋಳಿಗೆ, ಸ್ವಲ್ಪ ಕರ್ಚಿಕಾಯಿ. ಸಂಜೆ ಕೊಡಲು ಹೋದಾಗ ಅವರ ಮೇಜಿನ ಮೇಲೆ ಆಗಲೇ ಐದು ಮನೆಗಳ ತಟ್ಟೆ ಇತ್ತು. ಆಂಟಿ ಒಂದು ಹೋಳಿಗೆಯನ್ನು ಅಂಕಲ್ ಫೋಟೋ ಮುಂದೆ ಇಟ್ಟರು. ನಮ್ಮಲ್ಲಿ ಎಡೆ ಇಡುವ ಹಾಗೆ. ಅವರಲ್ಲಿ ಹಾಗೆ ಇಡುತ್ತಾರೋ ಇಲ್ಲವೋ, ನಾನು ಕೇಳಲಿಲ್ಲ.

ರಾತ್ರಿ ನಾಲ್ಕೂ ಜನ ನಡೆದು ಹೋದೆವು. ನನ್ನ ಮಗ ಆಂಟಿಯ ಕೈ ಹಿಡಿದಿದ್ದ, ದಾರಿಯುದ್ದಕ್ಕೂ ನಕ್ಷತ್ರ ಎಣಿಸುತ್ತಿದ್ದ. 63ಕ್ಕೆ ಲೆಕ್ಕ ತಪ್ಪಿತು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಸೆಕೆ ಇರಲಿಲ್ಲ, ಸಮುದ್ರದ ಗಾಳಿ ಬರುತ್ತಿತ್ತು. ಪದಗಳ ಅರ್ಥ ಗೊತ್ತಾಗದಿದ್ದರೂ ಆ ಕೊಂಕಣಿ ಹಾಡಿಗೆ ಮೈ ಜುಮ್ ಅಂದಿತು. ವಾಡೆಯ ಗೋದಲಿಯಲ್ಲಿ ಮಗ ಬೆಳೆಸಿದ ರಾಗಿಯ ಪೈರಿತ್ತು. ಅದರ ಮೇಲೆ ಎರಡು ಮಣ್ಣಿನ ಕುರಿ ನಿಲ್ಲಿಸಿದ್ದರು. ಅದನ್ನು ಅವನು ಸಿಕ್ಕವರಿಗೆಲ್ಲ ತೋರಿಸಿದ.

ಲೋಂಡಾ_ಲೈನ್ | ಡಿಸೆಂಬರ್ 30, ರಾತ್ರಿ 8:20

ನಮ್ಮ ಓಣಿಯ ಹುಡುಗರು ಹುಲ್ಲು ತುಂಬಿ ಹಳೆ ಪ್ಯಾಂಟು ಶರ್ಟು ತೊಡಿಸಿ ಓಲ್ಡ್ ಮ್ಯಾನ್ (ಹಳೆ ವರ್ಷದ ಬೊಂಬೆ) ಮಾಡಿ ರಸ್ತೆ ಬದಿ ಕೂರಿಸಿದ್ದಾರೆ. ನಾಳೆ ನಡುರಾತ್ರಿ ಸುಡುತ್ತಾರೆ. ಹೋಗಿ ಬರುವವರ ಹತ್ತಿರ ಕಾಸು ಕೇಳುವುದನ್ನು ನೋಡಿದರೆ ನಮ್ಮ ಕಾಮಣ್ಣನ ಹಬ್ಬವೇ ನೆನಪಾಗುತ್ತದೆ. ನಮ್ಮ ಕನ್ನಡದ ಹುಡುಗರೂ ಅದರಲ್ಲಿದ್ದಾರೆ. ಮಕ್ಕಳು ರಸ್ತೆ ಮಧ್ಯಕ್ಕೆ ಹೋಗದ ಹಾಗೆ ದೊಡ್ಡವರು ಒಬ್ಬರು ನಿಂತಿರಿ.

ನೈಟ್_ಡ್ಯೂಟಿ | ಜನವರಿ 3, ಬೆಳಗಿನ ಜಾವ 4:10

ಅಕ್ಕ, ತಟ್ಟೆ ವಾಪಸ್ ಬಂತಾ?

ಗದಗಿನ_ಮಗಳು | ಜನವರಿ 7, ಬೆಳಿಗ್ಗೆ 9:00

ತಡವಾಗಿ ಬರೆಯುತ್ತಿದ್ದೇನೆ. ನಿನ್ನೆ ಮೂರು ಅರಸರ ಹಬ್ಬ, ಬಾಲಯೇಸುವನ್ನು ನೋಡಲು ಅರಸರು ಬಂದ ದಿನ. ಆಂಟಿ ಹೇಳಿದಂತೆ ನಕ್ಷತ್ರ ಇಳಿಸಿದೆವು. ಹಾಳೆ ಒಂದು ಮೂಲೆಯಲ್ಲಿ ಮಾತ್ರ ಹರಿದಿದೆ. ಚೌಕಟ್ಟನ್ನು ಹಳೆ ಸೀರೆಯಲ್ಲಿ ಸುತ್ತಿ ಅವರ ಮನೆಯ ಅಟ್ಟದಲ್ಲಿ ಇಟ್ಟೆವು.

ತಟ್ಟೆ ಬಂದಿಲ್ಲ. ನಿನ್ನೆ ಅದು ಅವರ ಅಡುಗೆಮನೆಯಲ್ಲಿ ತೊಳೆದು ಒರಸಿ, ಆ ಬಿಳಿ ಬಟ್ಟೆ ಮುಚ್ಚಿ ಇಟ್ಟದ್ದು ಕಂಡಿತು. ನಾನು ನೋಡಿದ್ದನ್ನು ಅವರೂ ನೋಡಿದರು. ಈ ವರ್ಷ ನಾನು ಏನೂ ಮಾಡುವ ಹಾಗಿಲ್ಲ, ಖಾಲಿ ಹೇಗೆ ಕೊಡಲಿ, ಮುಂದಿನ ನಾತಾಳಕ್ಕೆ ಕೊಡುತ್ತೇನೆ ಅಂದರು. ಆಗಲಿ ಆಂಟಿ ಅಂದೆ.

ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಬೇರೆ ತಟ್ಟೆ ತೆಗೆದಿಟ್ಟಿದ್ದೇನೆ.